ಪ್ರೊಸೆಸ್ ಕಂಟ್ರೋಲ್ ಪಾಠ: ಹುಡುಗರಿಗೆ ಲಾಪ್ಲಾಸ್ ಬರುತ್ತದೆ, ವಾಲ್ವ್ ತೆರೆಯಬೇಕಾ ಮುಚ್ಚಬೇಕಾ ಗೊತ್ತಿಲ್ಲ

ಕುಡ್ಲಮೇಡಂ:

ಮಂಗಳೂರಿನ ಹೊರಗೆ ಒಂದು ಕಾಲೇಜಿನಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಪಾಠ ಮಾಡುತ್ತೇನೆ. ಕಾಲೇಜಿನ ಹೆಸರು ಬೇಡ. ಈ ಸಲ ನನ್ನ ತಲೆಗೆ ಪ್ರೊಸೆಸ್ ಕಂಟ್ರೋಲ್ (ಕಾರ್ಖಾನೆಯಲ್ಲಿ ಲೆವೆಲ್, ಪ್ರೆಶರ್, ಬಿಸಿ ಬೇಕಾದಷ್ಟಕ್ಕೆ ಹಿಡಿದಿಡುವ ವಿಷಯ) ಬಂದಿದೆ. ಹಿಂದೆ ಪಾಠ ಮಾಡುತ್ತಿದ್ದವರು ಕೆಲಸ ಬಿಟ್ಟು ಹೋದರು, ಅವರ ನೋಟ್ಸ್ ನನಗೆ ಸಿಕ್ಕಿತು, ನೋಟ್ಸ್ ಪ್ರಕಾರ ಮೊದಲ ದಿನವೇ ಲಾಪ್ಲಾಸ್ (ಸಮೀಕರಣ ಬಿಡಿಸುವ ಗಣಿತ), ಆಮೇಲೆ ಫಸ್ಟ್ ಆರ್ಡರ್, ಸೆಕೆಂಡ್ ಆರ್ಡರ್, ರೌತ್, ರೂಟ್ ಲೋಕಸ್, ಬೋಡೆ (ಲೂಪ್ ಅಲ್ಲಾಡದೆ ನಿಲ್ಲುತ್ತದಾ ಅಂತ ನೋಡುವ ಲೆಕ್ಕಗಳು), ಕೊನೆಯ ವಾರ ಓಡಿ ಓಡಿ ಟ್ಯೂನಿಂಗ್, ಅಂದರೆ ಕಂಟ್ರೋಲರಿನ ನಂಬರ್ ಹೊಂದಿಸುವುದು. ನಾನೂ ಹಾಗೇ ಓದಿದ್ದು, ಹಾಗೇ ಶುರು ಮಾಡಿದೆ.

ಮೊನ್ನೆ ಲ್ಯಾಬ್ ವೈವಾದಲ್ಲಿ ಒಬ್ಬ ಹುಡುಗ. ಥರ್ಡ್ ಆರ್ಡರ್ ಇನ್ವರ್ಸ್ ಲಾಪ್ಲಾಸ್ ಬೋರ್ಡಿನ ಮೇಲೆ ಒಂದೂ ತಪ್ಪಿಲ್ಲದೆ ಮಾಡಿದ. ಖುಷಿಯಾಗಿ ಸುಮ್ನೆ ಒಂದು ಸುಲಭದ್ದು ಕೇಳಿದೆ: "ಟ್ಯಾಂಕಿನ ಲೆವೆಲ್ ಜಾಸ್ತಿ ಆಗಿದೆ, ವಾಲ್ವ್ ಒಳಬರುವ ಪೈಪಿನಲ್ಲಿ ಇದೆ, ಕಂಟ್ರೋಲರ್ ಏನು ಮಾಡಬೇಕು?" ಅವನು ಸ್ವಲ್ಪ ಯೋಚನೆ ಮಾಡಿ "ಗೇನ್ ಜಾಸ್ತಿ ಮಾಡಬೇಕು ಮೇಡಂ" ಅಂದ. ಗೇನ್ ಅಂದರೆ ತಪ್ಪಿದ್ದಕ್ಕೆ ಕಂಟ್ರೋಲರ್ ಎಷ್ಟು ಜೋರಾಗಿ ತಿದ್ದಬೇಕು ಅನ್ನುವ ನಂಬರ್. ವಾಲ್ವನ್ನು ಹೊರಹೋಗುವ ಪೈಪಿಗೆ ಹಾಕಿದರೆ? ಅದಕ್ಕೂ ಅದೇ ಉತ್ತರ. ನೀನು ಕಂಟ್ರೋಲ್ ವಾಲ್ವ್ ನೋಡಿದ್ದೀಯಾ ಅಂದೆ. "ಗ್ಯಾಸ್ ಸಿಲಿಂಡರಿನದ್ದು ನೋಡಿದ್ದೇನೆ ಮೇಡಂ." ಹೊರಗೆ ನಿಂತವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ತಪ್ಪು ಅವನದ್ದಲ್ಲ ಅಂತ ಅನಿಸಿತು.

ಉಳಿದಿರುವುದು ಸುಮಾರು 30 ಪೀರಿಯಡ್. ಪರೀಕ್ಷೆಗೆ ರೌತ್, ಬೋಡೆ, ರೂಟ್ ಲೋಕಸ್ ಬಂದೇ ಬರುತ್ತದೆ, ಬಿಡುವ ಹಾಗಿಲ್ಲ. ಲ್ಯಾಬಿನಲ್ಲಿ ಕಂಟ್ರೋಲ್ ಟ್ರೇನರ್ (ಪ್ರಯೋಗ ಮಾಡುವ ಸೆಟ್) ಒಂದು ಉಂಟು, ಪಂಪ್ ಕೆಟ್ಟು ಒಂದು ವರ್ಷ ಆಯಿತು. ನೀವಾಗಿದ್ದರೆ ಎಲ್ಲಿಂದ ಶುರು ಮಾಡುತ್ತಿದ್ದಿರಿ? ಕಾರ್ಖಾನೆಯಲ್ಲಿ ಇರುವವರೂ ಹೇಳಿ.

ಉಪ್ಪುಗಾಳಿ:

ಮೇಡಂ, ಇನ್‌ಸ್ಟ್ರುಮೆಂಟೇಶನ್‌ನಲ್ಲಿ 31 ವರ್ಷ ಕೆಲಸ ಮಾಡಿ ರಿಟೈರ್ ಆದವನು ನಾನು, ಈಗ ಸುರತ್ಕಲ್ ಕಡೆ ಮನೆ. ಮೊದಲು ಆ ಹುಡುಗನ ಪರ ವಾದ ಮಾಡುತ್ತೇನೆ. ಅವನು ಹೇಳಿದ್ದು ಸರಿಯಾಗೇ ಉಂಟು ಮಾರಾಯ್ರೆ! ಗ್ಯಾಸ್ ರೆಗ್ಯುಲೇಟರ್ ಅಂದರೆ ಪೂರ್ತಿ ಒಂದು ಕಂಟ್ರೋಲ್ ಲೂಪ್. ಸಿಲಿಂಡರಿನೊಳಗೆ ಪ್ರೆಶರ್ ಎಷ್ಟೇ ಇರಲಿ, ಒಲೆಗೆ ಬರುವುದು ಸುಮಾರು 30 ಮಿಲಿಬಾರ್. ಒಳಗೆ ಒಂದು ಡಯಾಫ್ರಾಮ್, ಅದು ಪ್ರೆಶರ್ ಅಳೆಯುತ್ತದೆ. ಮೇಲೆ ಒಂದು ಸ್ಪ್ರಿಂಗ್, ಅದು ಸೆಟ್ ಪಾಯಿಂಟ್, ಅಂದರೆ ಇಷ್ಟಿರಲಿ ಅನ್ನುವ ಗುರಿ. ಡಯಾಫ್ರಾಮಿಗೆ ಸಿಕ್ಕಿಸಿದ ಸಣ್ಣ ಕಡ್ಡಿ ವಾಲ್ವನ್ನು ತೆರೆಯುತ್ತದೆ, ಮುಚ್ಚುತ್ತದೆ. ಕರೆಂಟಿಲ್ಲ, ಕಂಪ್ಯೂಟರಿಲ್ಲ. ಗ್ಯಾಸ್ ಜಾಸ್ತಿ ಎಳೆದಾಗ ವಾಲ್ವ್ ಹೆಚ್ಚು ತೆರೆಯಬೇಕು, ತೆರೆಯಬೇಕಾದರೆ ಡಯಾಫ್ರಾಮ್ ಸ್ವಲ್ಪ ಕೆಳಗೆ ಇಳಿಯಬೇಕು, ಇಳಿಯಬೇಕಾದರೆ ಪ್ರೆಶರ್ ಸ್ವಲ್ಪ ಕಮ್ಮಿ ಆಗಲೇಬೇಕು. ಆ ಸ್ವಲ್ಪ ಇದೆಯಲ್ಲ, ಅದೇ ನೀವು ಬೋರ್ಡಿನಲ್ಲಿ ಬರೆಯುವ ಆಫ್‌ಸೆಟ್. ಪ್ರಪೋರ್ಷನಲ್ ಕಂಟ್ರೋಲಿಗೆ (ತಪ್ಪಿದಷ್ಟಕ್ಕೆ ತಕ್ಕಷ್ಟೇ ತಿದ್ದುವುದು) ಆಫ್‌ಸೆಟ್ ಯಾಕೆ ತಪ್ಪುವುದಿಲ್ಲ ಅಂತ ಫೈನಲ್ ವ್ಯಾಲ್ಯೂ ಥಿಯರಮ್ ಇಲ್ಲದೆ ಐದು ನಿಮಿಷದಲ್ಲಿ ಹೇಳಬಹುದು. ಗುಜರಿಗೆ ಹೋಗುವ ಹಳೇ ರೆಗ್ಯುಲೇಟರ್ ಒಂದು ಸಿಕ್ಕಿದರೆ ವರ್ಕ್‌ಶಾಪಿನಲ್ಲಿ ಅರ್ಧಕ್ಕೆ ಕತ್ತರಿಸಿ ಕ್ಲಾಸಿಗೆ ತನ್ನಿ. ಮನೆಯದ್ದನ್ನು ಬಿಚ್ಚಲು ಹುಡುಗರಿಗೆ ಹೇಳಬೇಡಿ, ಮತ್ತೆ ಪೇಪರಿನಲ್ಲಿ ಬರುತ್ತದೆ.

ಇನ್ನು ನಿಮ್ಮ ಪ್ರಶ್ನೆ. ನಾನಾದರೆ ವಾಲ್ವಿನಿಂದ ಶುರು ಮಾಡುತ್ತೇನೆ. ವಾಲ್ವನ್ನು ನಡೆಸುವ ಗಾಳಿ ಹೋದರೆ ಈ ವಾಲ್ವ್ ತೆರೆದುಕೊಳ್ಳಬೇಕಾ ಮುಚ್ಚಿಕೊಳ್ಳಬೇಕಾ? ರಿಯಾಕ್ಟರಿಗೆ ಸ್ಟೀಮ್ ಕೊಡುವ ವಾಲ್ವ್ ಮುಚ್ಚಬೇಕು, ಅದೇ ರಿಯಾಕ್ಟರಿನ ಕೂಲಿಂಗ್ ವಾಟರ್ ವಾಲ್ವ್ ತೆರೆಯಬೇಕು. ಇದು ಗಣಿತ ಅಲ್ಲ, ಯಾರೂ ಸಾಯಬಾರದು ಅನ್ನುವ ಯೋಚನೆ. ಅದು ತೀರ್ಮಾನ ಆದ ಮೇಲೆ ಕಂಟ್ರೋಲರ್ ಡೈರೆಕ್ಟಾ ರಿವರ್ಸಾ (ಅಳತೆ ಏರಿದರೆ ಔಟ್‌ಪುಟ್ ಏರಿಸುವುದಾ ಇಳಿಸುವುದಾ) ಅಂತ ತಾನಾಗಿ ಬರುತ್ತದೆ. ಲೂಪಿನ ಸುತ್ತ ಬೆರಳಿಟ್ಟು ಒಂದು ಸುತ್ತು ಬರಬೇಕು: ಲೆವೆಲ್ ಏರಿತು, ಸಿಗ್ನಲ್ ಏರಿತು, ಔಟ್‌ಪುಟ್ ಇಳಿಯಿತು, ವಾಲ್ವ್ ಮುಚ್ಚಿತು, ಲೆವೆಲ್ ಇಳಿಯಿತು. ಪ್ರತಿ ಕ್ಲಾಸಿನಲ್ಲಿ ಒಬ್ಬನನ್ನು ಎಬ್ಬಿಸಿ ಈ ಸುತ್ತು ಹೊಡೆಸಿ. ಅಳತೆಯನ್ನು ವೈರಿನಲ್ಲಿ ಕಳಿಸುವ ಸಿಗ್ನಲ್ 4-20 ಮಿಲಿಆಂಪ್ ಯಾಕೆ, 0-20 ಯಾಕಲ್ಲ ಅಂತಲೂ ಕೇಳಿ. ವೈರ್ ಕಡಿದರೆ ಸೊನ್ನೆ, ಟ್ಯಾಂಕ್ ಖಾಲಿ ಇದ್ದರೆ ನಾಲ್ಕು. ಎರಡೂ ಒಂದೇ ಆಗಿದ್ದರೆ ಆಪರೇಟರಿಗೆ ಹೇಗೆ ಗೊತ್ತಾಗಬೇಕು? ನಮ್ಮ ಕಡಲ ಗಾಳಿಗೆ ಜಂಕ್ಷನ್ ಬಾಕ್ಸಿನ ಟರ್ಮಿನಲ್ಲುಗಳಲ್ಲಿ ಹಸಿರು ಕಿಲುಬು ಹಿಡಿಯುತ್ತದೆ, ಮಳೆಗಾಲದ ಆಟಿ ತಿಂಗಳಲ್ಲಂತೂ ದಿನಕ್ಕೊಂದು ಕಡೆ ಸಿಗ್ನಲ್ ಹೋಗುತ್ತಿತ್ತು. ಆಗ ಆ ನಾಲ್ಕು ಮಿಲಿಆಂಪಿನ ಬೆಲೆ ಗೊತ್ತಾಗುತ್ತದೆ.

ಟ್ಯೂನಿಂಗ್ ಬಗ್ಗೆ ಒಂದು ಕತೆ. ಕೆಲಸಕ್ಕೆ ಸೇರಿ ಮೂರು ವರ್ಷ ಆಗಿತ್ತು. ಎರಡು ಕಾಲಂಗಳ (ದ್ರವ ಬೇರ್ಪಡಿಸುವ ಎತ್ತರದ ಗೋಪುರಗಳ) ನಡುವೆ ಒಂದು ಡ್ರಮ್, ಅದರ ಲೆವೆಲ್ ಮೇಲೆ ಕೆಳಗೆ ಆಡುತ್ತಿತ್ತು. ನಾನು ಗೇನ್ ಏರಿಸಿ ಏರಿಸಿ ಚಾರ್ಟಿನಲ್ಲಿ ಲೆವೆಲ್ ಗೆರೆ ಸ್ಕೇಲ್ ಇಟ್ಟು ಎಳೆದ ಹಾಗೆ ಮಾಡಿದೆ, ಎಲ್ಲರಿಗೂ ತೋರಿಸಿ ಮನೆಗೆ ಹೋದೆ. ರಾತ್ರಿ ಎರಡು ಗಂಟೆಗೆ ಫೋನ್. "ಮಾರಾಯ, ನಿನ್ನ ಲೆವೆಲ್ ಭಾರೀ ಚಂದ ಉಂಟು. ನನ್ನ ಕಾಲಂ ಯಕ್ಷಗಾನ ಕುಣೀತಾ ಉಂಟು. ಬಂದು ತೆಗಿ." ಡ್ರಮ್ ಇಟ್ಟಿದ್ದೇ ಏರಿಳಿತವನ್ನು ತನ್ನ ಹೊಟ್ಟೆಯೊಳಗೆ ಇಟ್ಟುಕೊಳ್ಳಲಿ ಅಂತ. ನಾನು ಅದನ್ನು ಬರೀ ಪೈಪ್ ಮಾಡಿಬಿಟ್ಟಿದ್ದೆ, ಮೇಲಿನ ಕಾಲಂನ ಪ್ರತಿಯೊಂದು ಅಲುಗಾಟವೂ ನೇರವಾಗಿ ಕೆಳಗಿನ ಕಾಲಂನ ಫೀಡಿಗೆ. ಈ ಲೆವೆಲ್ ಇಷ್ಟು ಬಿಗಿಯಾಗಿ ಇರಬೇಕಾ ಅನ್ನುವ ಪ್ರಶ್ನೆಯನ್ನು ನನಗೆ ಕಾಲೇಜಿನಲ್ಲಿ ಯಾರೂ ಕೇಳಿರಲಿಲ್ಲ.

ಇನ್ನೊಂದು ಸಣ್ಣದು: ಪುಸ್ತಕದಲ್ಲಿ ಗೇನ್, ಎಷ್ಟೋ ಪ್ಯಾನೆಲ್‌ಗಳಲ್ಲಿ ಪ್ರಪೋರ್ಷನಲ್ ಬ್ಯಾಂಡ್. ನೂರನ್ನು ಬ್ಯಾಂಡಿನಿಂದ ಭಾಗಿಸಿದರೆ ಗೇನ್, ಬ್ಯಾಂಡ್ 50 ಅಂದರೆ ಗೇನ್ 2. ಒಂದನ್ನು ಏರಿಸಿದರೆ ಇನ್ನೊಂದು ಇಳಿಯುತ್ತದೆ. ಹೊಸ ಟ್ರೇನಿಗಳು ಲೂಪ್ ಶಾಂತ ಮಾಡಲು ಹೋಗಿ ಬ್ಯಾಂಡ್ ಇಳಿಸಿ ಪ್ಲಾಂಟನ್ನೇ ಅಲ್ಲಾಡಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಬೀಜದಬಾಯ್ಲರ್:

ನಾನು ಡಿಪ್ಲೊಮಾ, ಕಾರ್ಕಳ ಕಡೆ ಗೇರುಬೀಜದ ಫ್ಯಾಕ್ಟರಿಗಳ ಬಾಯ್ಲರ್ ರಿಪೇರಿ ಮಾಡುತ್ತೇನೆ. ದೊಡ್ಡವರ ಮಧ್ಯೆ ಮಾತಾಡಿದ್ದಕ್ಕೆ ಕ್ಷಮಿಸಿ. ಡಿಗ್ರಿ ಮಾಡಿದ ಹುಡುಗರು ಬಂದು ಮೊದಲು ಕೇಳುವುದು "ಇದರ ಪಿಐಡಿ ಎಲ್ಲಿ?" ಅಂತ, ಪ್ರಪೋರ್ಷನಲ್-ಇಂಟಿಗ್ರಲ್-ಡೆರಿವೇಟಿವ್ ಕಂಟ್ರೋಲರ್. ಪಿಐಡಿ ಇಲ್ಲ ಮಾರಾಯ, ಫ್ಲೋಟ್ ಉಂಟು. ನೀರು ಈ ಗೆರೆಗೆ ಇಳಿದರೆ ಪಂಪ್ ಆನ್, ಆ ಗೆರೆಗೆ ಏರಿದರೆ ಆಫ್. ಎರಡು ಗೆರೆ ಯಾಕೆ, ಒಂದೇ ಸಾಕಲ್ವಾ ಅಂತ ಕೇಳಿದರೆ ಹತ್ತರಲ್ಲಿ ಎಂಟು ಜನರಿಗೆ ಉತ್ತರ ಗೊತ್ತಿಲ್ಲ. ಒಂದೇ ಗೆರೆ ಇಟ್ಟರೆ ಮೋಟಾರ್ ನಿಮಿಷಕ್ಕೆ ಹತ್ತು ಸಲ ಆನ್ ಆಫ್ ಆಗಿ ಕಾಂಟ್ಯಾಕ್ಟರ್ ಸುಟ್ಟು ಹೋಗುತ್ತದೆ. ದಯವಿಟ್ಟು ಆನ್-ಆಫ್ ಕಂಟ್ರೋಲಿಗೂ ಒಂದು ಪೀರಿಯಡ್ ಕೊಡಿ.

ಇನ್ನೊಂದು ತಮಾಷೆ. ಬೀಜ ಬೇಯಿಸುವ ಕುಕ್ಕರಿಗೆ ಸ್ಟೀಮ್ ವಾಲ್ವ್ ಒಮ್ಮೆಲೇ ತೆರೆದರೆ ಗೇಜ್ ಗ್ಲಾಸಿನಲ್ಲಿ ನೀರು ಮೇಲಕ್ಕೆ ಹಾರುತ್ತದೆ. ಸ್ಟೀಮ್ ಹೊರಗೆ ಹೋಗುತ್ತಿದೆ, ನೀರು ಕಮ್ಮಿ ಆಗಬೇಕು, ಆದರೆ ಏರುತ್ತದೆ. ಪಂಪ್ ನೀರು ಜಾಸ್ತಿ ಆಯಿತು ಅಂತ ನಿಲ್ಲುತ್ತದೆ, ನೀರು ಬೇಕಾದ ಹೊತ್ತಿಗೇ. ಗೋಲಿ ಸೋಡಾದ ಗೋಲಿ ಒತ್ತಿದಾಗ ನೊರೆ ಏರುತ್ತದಲ್ಲ, ಅದೇ. ಪ್ರೆಶರ್ ಬಿದ್ದಾಗ ಒಳಗಿನ ಗುಳ್ಳೆಗಳೆಲ್ಲ ಉಬ್ಬುತ್ತವೆ. ಸ್ವಲ್ಪ ಹೊತ್ತಿಗೆ ನಿಜವಾದ ಲೆವೆಲ್ ಕಾಣುತ್ತದೆ. ಇದಕ್ಕೆ ಪುಸ್ತಕದಲ್ಲಿ ಏನೋ ಹೆಸರು ಉಂಟಂತೆ.

ಹಳೇಮೇಷ್ಟ್ರು:

ಅದರ ಹೆಸರು ಇನ್ವರ್ಸ್ ರೆಸ್ಪಾನ್ಸ್. ಬಾಯ್ಲರಿನವರು ಶ್ರಿಂಕ್-ಸ್ವೆಲ್ ಅನ್ನುತ್ತಾರೆ. ಟ್ರಾನ್ಸ್‌ಫರ್ ಫಂಕ್ಷನ್ನಿನ ಮೇಲ್ಭಾಗದಲ್ಲಿ ಒಂದು ಝೀರೋ ಬಲಗಡೆ ಕೂತಿರುತ್ತದೆ ಅಂತ ನಾನು ಇಪ್ಪತ್ತು ವರ್ಷ ಹೇಳಿಕೊಟ್ಟೆ, ಗೋಲಿ ಸೋಡಾ ನನಗೆ ಒಂದು ಸಲವೂ ಹೊಳೆಯಲಿಲ್ಲ. ನೀವು ಕ್ಷಮೆ ಕೇಳಬೇಡಿ.

ಮೇಡಂ, ಲಾಪ್ಲಾಸನ್ನು ಬೈಯುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಅದು ಬೇಕು. ಆದರೆ ಹಸಿವಾಗುವ ಮೊದಲೇ ಬಡಿಸುತ್ತಿದ್ದೇವೆ. ಮೊದಲ ಎರಡು ವಾರ ಲಾಪ್ಲಾಸಿನ ಎಸ್ ಅಕ್ಷರ ಬೋರ್ಡಿಗೆ ಬರುವುದೇ ಬೇಡ. ಎಕ್ಸೆಲ್ ಸಾಕು. ಒಂದು ಸಾಲು ಅಂದರೆ ಒಂದು ಸೆಕೆಂಡ್. ಹೊಸ ಎತ್ತರ = ಹಳೆಯ ಎತ್ತರ + (ಒಳಗೆ ಬಂದದ್ದು − ಹೊರಗೆ ಹೋದದ್ದು) ÷ ತಳದ ವಿಸ್ತೀರ್ಣ. ಪಕ್ಕದ ಕಾಲಂನಲ್ಲಿ ಕಂಟ್ರೋಲರ್. ಡೆಡ್ ಟೈಮ್ (ಅಳತೆ ತಡವಾಗಿ ತಲುಪುವುದು) ಬೇಕಾದರೆ ಕಂಟ್ರೋಲರ್ ಈ ಸಾಲಿನ ಎತ್ತರ ನೋಡುವ ಬದಲು 60 ಸಾಲು ಮೇಲಿನದ್ದನ್ನು ನೋಡಲಿ. ಅಷ್ಟೇ ಬದಲಾವಣೆ, ಶಾಂತವಾಗಿದ್ದ ಗ್ರಾಫ್ ಹಾವಿನ ಹಾಗೆ ಹರಿಯಲು ಶುರು ಮಾಡುತ್ತದೆ. ಯಾಕೆ ಹೀಗೆ, ಎಷ್ಟು ಗೇನಿಗೆ ಹೀಗೆ ಅಂತ ಅವರೇ ಕೇಳಿದಾಗ ಬೋಡೆ ತನ್ನಿ.

ಪಿ, ಐ, ಡಿ ಮೂರನ್ನೂ ಹೇಳಲು ನನಗೆ ಇಷ್ಟವಾದದ್ದು ಹಡಗು. 1922ರಲ್ಲಿ ನಿಕೊಲಾಸ್ ಮಿನೋರ್ಸ್ಕಿ ಹಡಗು ತಾನಾಗಿ ದಿಕ್ಕು ಹಿಡಿದು ಹೋಗುವ ಬಗ್ಗೆ ಬರೆದಾಗ ಅವನು ಗಮನಿಸಿದ್ದು ಚುಕ್ಕಾಣಿ ಹಿಡಿದವನು ಏನು ಮಾಡುತ್ತಾನೆ ಅಂತ. ನಮ್ಮ ಹುಡುಗರನ್ನು ಮಲ್ಪೆಗೆ ಕರೆದುಕೊಂಡು ಹೋಗಿ ಬೋಟ್ ನಡೆಸುವ ತಾಂಡೇಲನ ಕೈ ನೋಡಿಸಿ. ದಿಕ್ಕು ತಪ್ಪಿದಷ್ಟು ತಿರುಗಿಸುತ್ತಾನೆ, ಅದು ಪಿ. ಒಂದೇ ಕಡೆಯಿಂದ ಗಾಳಿ ತಳ್ಳುತ್ತಾ ಇದ್ದರೆ ಚುಕ್ಕಾಣಿಯನ್ನು ಸ್ವಲ್ಪ ಓರೆಯಾಗಿಯೇ ಇಟ್ಟುಕೊಳ್ಳುತ್ತಾನೆ, ಅದು ಐ. ಮೂತಿ ಬೇಗ ತಿರುಗುತ್ತಿದೆ ಅಂತ ಕಂಡರೆ ದಿಕ್ಕಿಗೆ ಬರುವ ಮೊದಲೇ ವಾಪಸ್ ಎಳೆಯುತ್ತಾನೆ, ಅದು ಡಿ. ಝೀಗ್ಲರ್ ಮತ್ತು ನಿಕೊಲ್ಸ್ ಅವರ ಟ್ಯೂನಿಂಗ್ ಲೆಕ್ಕ ಬಂದದ್ದು ಇದಾಗಿ 20 ವರ್ಷದ ಮೇಲೆ, 1942ರಲ್ಲಿ.

ಪಂಪ್ ಕೆಟ್ಟ ಟ್ರೇನರ್ ಬಗ್ಗೆ ಚಿಂತೆ ಬೇಡ. 20 ಲೀಟರಿನ ಪೇಂಟ್ ಬಕೆಟ್ ತನ್ನಿ, ಕೆಳಗೆ ಒಂದು ಟ್ಯಾಪ್ ಕೂರಿಸಿ, ಹೊರಗೆ ಸ್ಕೇಲ್ ಅಂಟಿಸಿ. ಮೇಲಿನ ನಲ್ಲಿಗೆ ಕಾಗದದ ಡಯಲ್ ಮಾಡಿ, ಜಗ್ ಮತ್ತು ಸ್ಟಾಪ್‌ವಾಚ್ ಹಿಡಿದು ಯಾವ ಗುರುತಿಗೆ ನಿಮಿಷಕ್ಕೆ ಎಷ್ಟು ಲೀಟರ್ ಅಂತ ಬರೆಯಿರಿ. ನಿಮಿಷಕ್ಕೆ 4 ಲೀಟರ್ ಬಿಟ್ಟು, 10 ಲೀಟರಿನಲ್ಲಿ ನೀರು ನಿಲ್ಲುವ ಹಾಗೆ ಕೆಳಗಿನ ಟ್ಯಾಪ್ ಸರಿಮಾಡಿ. ಸಾಮಾನ್ಯ ಬಕೆಟ್ಟಿನಲ್ಲಿ ಅದು ಸುಮಾರು 16 ಸೆಂ.ಮೀ. ಎತ್ತರ. ಹೊರಹರಿವು ಎತ್ತರದ ವರ್ಗಮೂಲಕ್ಕೆ ತಕ್ಕ ಹಾಗೆ ಇರುವುದರಿಂದ ಟೈಮ್ ಕಾನ್‌ಸ್ಟಂಟ್ (ಲೆವೆಲ್ ಎಷ್ಟು ನಿಧಾನಕ್ಕೆ ಬದಲಾಗುತ್ತದೆ ಅನ್ನುವ ಅಳತೆ) ಅಂದರೆ ಒಳಗಿರುವ ನೀರನ್ನು ಹರಿವಿನಿಂದ ಭಾಗಿಸಿ ಎರಡರಿಂದ ಗುಣಿಸಿದ್ದು, 5 ನಿಮಿಷ. ಈಗ ನಲ್ಲಿಯನ್ನು 2 ಲೀಟರಿಗೆ ಇಳಿಸಿ ಕಾಯಿರಿ. ಲೀನಿಯರ್ ಮಾಡೆಲ್ (ವರ್ಗಮೂಲದ ಬದಲು ನೇರ ಗೆರೆ ಅಂತ ಹಿಡಿದ ಲೆಕ್ಕ) ಪ್ರಕಾರ ಬಕೆಟ್ ಖಾಲಿ ಆಗಬೇಕು, ಲೆಕ್ಕ ಹಾಕಿ ನೋಡಿ, ಸರಿಯಾಗಿ ಸೊನ್ನೆ ಬರುತ್ತದೆ. ನಿಜವಾದ ಬಕೆಟ್ 4 ಸೆಂ.ಮೀ.ನಲ್ಲಿ ನಿಲ್ಲುತ್ತದೆ. ಲೀನಿಯರೈಸೇಶನ್ ಎಲ್ಲಿಯವರೆಗೆ ನಂಬಬಹುದು ಅಂತ ಇದಕ್ಕಿಂತ ಚೆನ್ನಾಗಿ ಹೇಳುವ ದಾರಿ ನನಗೆ ಗೊತ್ತಿಲ್ಲ.

ಆಮೇಲೆ ಆಟ. ಒಬ್ಬ ಬಕೆಟ್ ನೋಡಿ 15 ಸೆಕೆಂಡಿಗೊಮ್ಮೆ ಎತ್ತರವನ್ನು ಚೀಟಿಯಲ್ಲಿ ಬರೆಯಲಿ. ನಾಲ್ಕು ಜನರ ಸಾಲು, ಪ್ರತಿಯೊಬ್ಬ ಚೀಟಿಯನ್ನು 15 ಸೆಕೆಂಡ್ ಹಿಡಿದು ಮುಂದಿನವನಿಗೆ ಕೊಡಲಿ. ನಲ್ಲಿ ಹಿಡಿದವನು ಬಕೆಟ್ಟಿಗೆ ಬೆನ್ನು ಹಾಕಿ ನಿಲ್ಲಲಿ, ಬರೀ ಚೀಟಿ ನೋಡಿ ನಲ್ಲಿ ತಿರುಗಿಸಲಿ. 1 ಸೆಂ.ಮೀ. ಕಮ್ಮಿ ಇದ್ದರೆ ನಿಮಿಷಕ್ಕೆ 1 ಲೀಟರ್ ಜಾಸ್ತಿ. ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ.

ಮಲ್ಪೆಬೈಕರ್:

ನಾನು ನಾಲ್ಕು ವರ್ಷ ಹಿಂದೆ ಡಿಗ್ರಿ ಮುಗಿಸಿದವನು, ಈಗ ಪ್ರೊಸೆಸ್ ಇಂಜಿನಿಯರ್. ನಿಜ ಹೇಳಬೇಕಾ? ನಮ್ಮ ಕಂಟ್ರೋಲ್ ಲ್ಯಾಬಿನ ರೀಡಿಂಗ್ ಎಲ್ಲ ಸೀನಿಯರ್ ರೆಕಾರ್ಡಿನಿಂದ. ಅವರದ್ದು ಅವರ ಸೀನಿಯರ್‌ದು. ಯಾವ ಕಾಲದಲ್ಲಿ ಯಾರು ನಿಜವಾಗಿ ತೆಗೆದ ರೀಡಿಂಗೋ, ಅದರಲ್ಲಿ ಒಂದು ಪಾಯಿಂಟ್ ಗೆರೆಯಿಂದ ಹೊರಗೆ ಇತ್ತು, ಅದನ್ನೂ ಎಲ್ಲರೂ ಭಕ್ತಿಯಿಂದ ಹೊರಗೇ ಇಡುತ್ತಿದ್ದೆವು.

ಆದರೆ ಬಕೆಟ್, ಸೋಡಾ ಎಲ್ಲ ಸರಿ, ಈಗಿನ ಕಾಲಕ್ಕೆ ಮಾಡೆಲ್ ಪ್ರಿಡಿಕ್ಟಿವ್ ಕಂಟ್ರೋಲ್ (ಎಂಪಿಸಿ, ಮುಂದೇನಾಗುತ್ತದೆ ಅಂತ ಮಾಡೆಲ್‌ನಿಂದ ಊಹಿಸಿ ನಡೆಸುವುದು), ಪೈಥಾನ್, ಎಐ ಹೇಳಿಕೊಡಬೇಡ್ವಾ? ಕೆಲಸದ ಇಂಟರ್‌ವ್ಯೂನಲ್ಲಿ ಅದನ್ನೇ ಕೇಳುತ್ತಾರೆ.

ಉಪ್ಪುಗಾಳಿ:

ತಮ್ಮಾ, ಎಂಪಿಸಿ ಹೊಸತಲ್ಲ, 1970ರ ದಶಕದಲ್ಲೇ ಶೆಲ್ ಕಂಪನಿಯವರು ಬಳಸಲು ಶುರು ಮಾಡಿದ್ದರು. ಕಲಿಯಲಿ, ಬೇಡ ಅನ್ನುವುದಿಲ್ಲ. ಆದರೆ ಸಾಮಾನ್ಯವಾಗಿ ಅದು ಹೇಳುವುದು ಕೆಳಗಿನ ಪಿಐಡಿಗೆ "ನಿನ್ನ ಸೆಟ್ ಪಾಯಿಂಟ್ ಇಷ್ಟು" ಅಂತ. ಕೆಳಗಿನವನ ವಾಲ್ವ್ ಹಿಡಿದುಕೊಂಡು ಕೂತಿದ್ದರೆ ಮೇಲಿನವನು ಎಷ್ಟು ಬುದ್ಧಿವಂತನಾದರೆ ಎಂತ?

ಮತ್ತೆ, ಲೆಕ್ಕ ಯಾರು ಮಾಡಲಿ, ಅಳತೆ ಸುಳ್ಳು ಹೇಳಿದರೆ ಮುಗಿಯಿತು. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ರಿಫೈನರಿಯಲ್ಲಿ ಆದದ್ದು ನೋಡು. ಕಾಲಂ ಸುಮಾರು 52 ಮೀಟರ್ ಎತ್ತರ, ಲೆವೆಲ್ ಟ್ರಾನ್ಸ್‌ಮಿಟರ್ ಅಳೆಯುತ್ತಿದ್ದದ್ದು ತಳದ ಮೂರು ಮೀಟರಿನ ಒಳಗಿನದ್ದು ಮಾತ್ರ. ಸ್ಟಾರ್ಟಪ್ ಹೊತ್ತಿನಲ್ಲಿ ಗಂಟೆಗಟ್ಟಲೆ ಒಳಗೆ ಮಾತ್ರ ಬರುತ್ತಿತ್ತು, ಹೊರಗೆ ಹೋಗುತ್ತಿರಲಿಲ್ಲ. ಅಳತೆಯ ಭಾಗ ಪೂರ್ತಿ ಮುಳುಗಿ ಮೇಲಕ್ಕೂ ತುಂಬಿತು. ಕೆಳಗಿನ ದ್ರವ ಬಿಸಿಯಾಗಿ ಹಗುರವಾದ ಹಾಗೆ ಪರದೆಯ ಮೇಲಿನ ಲೆವೆಲ್ ನಿಧಾನಕ್ಕೆ ಇಳಿಯುತ್ತಾ ಹೋಯಿತು. ಕಾಲಂ ತುಂಬುತ್ತಾ ಇದೆ, ನಂಬರ್ ಇಳಿಯುತ್ತಾ ಇದೆ! 15 ಜನ ಸತ್ತರು. ನಿನ್ನ ಎಐಗೆ ಆ ನಂಬರೇ ಕೊಟ್ಟಿದ್ದರೆ ಅದು ಇನ್ನಷ್ಟು ಫೀಡ್ ಹಾಕುತ್ತಿತ್ತೋ ಏನೋ. ಒಳಗೆ ಬಂದದ್ದು ಎಷ್ಟು, ಹೊರಗೆ ಹೋದದ್ದು ಎಷ್ಟು ಅಂತ ಕೂಡಿಸಿ ಕಳೆದು ನೋಡುವ ಅಭ್ಯಾಸ ಇದ್ದವನಿಗೆ ಅನುಮಾನ ಬರಬೇಕು. ಮಾಸ್ ಬ್ಯಾಲೆನ್ಸ್, ಮೂರನೇ ಸೆಮಿಸ್ಟರ್.

ಮಲ್ಪೆಬೈಕರ್:

ಆಯಿತು ಸಾರ್, ಒಪ್ಪಿದೆ. ಪೈಥಾನ್ ಮಾತ್ರ ಬಿಡಬೇಡಿ ಮೇಡಂ 🙏

ಕುಡ್ಲಮೇಡಂ:

ಮೂರು ವಾರ ಆಯಿತು, ಏನಾಯಿತು ಅಂತ ಹೇಳದೆ ಹೋದರೆ ಸರಿಯಲ್ಲ.

ಬಕೆಟ್ ಮಾಡಿದೆವು. ಟ್ಯಾಪ್ ಕೂರಿಸಿದ್ದು ಸೋರಿ ಎರಡು ದಿನ ಎಂ-ಸೀಲ್ ಹಚ್ಚಿದ್ದೇ ಆಯಿತು. ಎರಡು ಲೀಟರಿಗೆ ಇಳಿಸಿದ ಪ್ರಯೋಗಕ್ಕೆ ಅರ್ಧ ಗಂಟೆ ಕಾಯಬೇಕಾಯಿತು, ಕೊನೆಗೆ 4.3ರಲ್ಲಿ ನಿಂತಿತು. ಲೀನಿಯರ್ ಲೆಕ್ಕದಲ್ಲಿ ಸೊನ್ನೆ ಬಂದಾಗ ಹುಡುಗರು ನನ್ನ ಲೆಕ್ಕ ತಪ್ಪಿದೆ ಅಂದುಕೊಂಡು ಖುಷಿಪಟ್ಟರು.

ಚೀಟಿಯ ಆಟಕ್ಕೆ ನಲ್ಲಿ ಹಿಡಿಸಿದ್ದು ಆ ಗ್ಯಾಸ್ ಸಿಲಿಂಡರ್ ಹುಡುಗನನ್ನೇ. 16ಕ್ಕೆ ನಿಲ್ಲಿಸಬೇಕಾದ ನೀರು 12ಕ್ಕೆ ಹೋಗಿ, 20ಕ್ಕೆ ಏರಿ, ಮತ್ತೆ 12. ಅವನು ನಿಯಮ ಬಿಟ್ಟು ಒಂದು ಹನಿ ಆಚೆ ಈಚೆ ಮಾಡಿಲ್ಲ, ಆದರೂ ನಿಲ್ಲುತ್ತಿಲ್ಲ. "ನೀನು ಸರಿಯಾಗಿ ತಿರುಗಿಸ್ತಾ ಇಲ್ಲ" ಅಂತ ಸಾಲಿನಲ್ಲಿ ಇದ್ದವರೆಲ್ಲ ಬೈದರು. ಒಬ್ಬಳು ಬಂದು ತಾನು ಮಾಡುತ್ತೇನೆ ಅಂತ ನಿಂತಳು, ಅವಳದ್ದೂ ಅದೇ ಗತಿ. ಆಮೇಲೆ ನಿಯಮ ಬದಲಾಯಿಸಿ 1 ಸೆಂ.ಮೀ.ಗೆ ಅರ್ಧ ಲೀಟರ್ ಅಂದೆ. ನಾಲ್ಕೈದು ಸಲ ಆಡಿ ಶಾಂತವಾಯಿತು. ಅಷ್ಟರಲ್ಲಿ ಪಕ್ಕದ ಲ್ಯಾಬಿನಲ್ಲಿ ಯಾರೋ ನಲ್ಲಿ ಬಿಟ್ಟರು, ನಮ್ಮ ಹರಿವು ಕಮ್ಮಿ ಆಯಿತು, ನೀರು 16ಕ್ಕಿಂತ ಸ್ವಲ್ಪ ಕೆಳಗೆ ನಿಂತು ಅಲ್ಲೇ ಉಳಿಯಿತು. "ಇದು ಆಫ್‌ಸೆಟ್ ಅಲ್ವಾ ಮೇಡಂ, ರೆಗ್ಯುಲೇಟರಿಂದು?" ನಾನು ಹೇಳಿಕೊಡಬೇಕಾದ್ದು ಅವನೇ ಹೇಳಿದ.

ಮರುದಿನ ಬೋರ್ಡಿನಲ್ಲಿ ಬೋಡೆ. ಟೈಮ್ ಕಾನ್‌ಸ್ಟಂಟ್ 5 ನಿಮಿಷ, ಡೆಡ್ ಟೈಮ್ 1 ನಿಮಿಷ, ಫೇಸ್ 180 ಆಗುವುದು, ಅಂದರೆ ತಿದ್ದುವುದು ಪೂರ್ತಿ ಉಲ್ಟಾ ಹೊತ್ತಿಗೆ ಬರುವುದು ಎಲ್ಲಿ? ನಿಮಿಷಕ್ಕೆ 1.69 ರೇಡಿಯನ್. ಅಂದರೆ ಒಂದು ಏರಿಳಿತಕ್ಕೆ 3.7 ನಿಮಿಷ, ಅಲ್ಟಿಮೇಟ್ ಗೇನ್ (ಏರಿಳಿತ ನಿಲ್ಲದೇ ನಡೆಯುವ ಗಡಿ) 1 ಸೆಂ.ಮೀ.ಗೆ 1.06 ಲೀಟರ್. ಹಳೇಮೇಷ್ಟ್ರೇ, ನೀವು 1 ಲೀಟರ್ ಅಂತ ಸುಮ್ನೆ ಹೇಳಿದ್ದಲ್ಲ ಅಂತ ಆಗ ಗೊತ್ತಾಯಿತು! ಅರ್ಧ ಮಾಡಿದ್ದು ಝೀಗ್ಲರ್-ನಿಕೊಲ್ಸ್ ಪ್ರಕಾರವೇ ಆಯಿತು ಅಂತಲೂ ಹೇಳಿದೆ. ಅವರ ಗ್ರಾಫಿನಲ್ಲಿ ಮಾತ್ರ ಒಂದು ಏರಿಳಿತಕ್ಕೆ 4 ನಿಮಿಷ 20 ಸೆಕೆಂಡ್. ಯಾಕೆ ಜಾಸ್ತಿ ಅಂತ ಕೇಳಿದೆ. ಯಾರೂ ಮಾತಾಡಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ, ಇಡೀ ಸೆಮಿಸ್ಟರಿನಲ್ಲಿ ಅವನ ದನಿ ಕೇಳಿದ್ದು ಅದೇ ಮೊದಲು, "ಮೇಡಂ, ಚೀಟಿ ಓದಿ ಡಯಲ್ ಹುಡುಕಿ ತಿರುಗಿಸುವುದಕ್ಕೂ ಹೊತ್ತು ಹಿಡಿಯುತ್ತದಲ್ವಾ, ಮತ್ತೆ ಚೀಟಿ ಬರೋದೇ 15 ಸೆಕೆಂಡಿಗೊಮ್ಮೆ, ಅದೂ ಡೆಡ್ ಟೈಮಿಗೆ ಸೇರಬೇಕು" ಅಂದ. 1.15 ನಿಮಿಷ ಹಾಕಿ ಮತ್ತೆ ಲೆಕ್ಕ ಮಾಡಿದೆವು, 4.2 ಬಂತು.

ರೂಟ್ ಲೋಕಸ್ ಇನ್ನೂ ಬಾಕಿ ಉಂಟು, ಅದಕ್ಕೆ ಬಕೆಟ್ ಇದ್ದರೆ ಹೇಳಿ. ಸದ್ಯಕ್ಕೆ ಕಾರಿಡಾರಿನ ನೀರು ಒರೆಸಿದ ಅಟೆಂಡರಣ್ಣ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ.